ಎಡಕ್ಕೆ ಎಳೆಯುವ ಜೀಪು

"ಗಾಡಿ ಎಡಕ್ಕ ಎಳಿಯಾಕತ್ತೈತಿ ತಮ್ಮಾ" ಅಂತ ಅಪ್ಪ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿ ಒಂದು ಬಗ್ ಹಿಂದೆ ಬಿದ್ದಿದ್ದೆ. "ರಸ್ತೆ ಅಂಚಿಗೆ ಇಳಿಜಾರು ಇರ್ತೈತಿ ಅಪ್ಪ, ಸ್ಟೇರಿಂಗ್ ಗಟ್ಟಿ ಹಿಡಿ" ಅಂದು ಇಟ್ಟುಬಿಟ್ಟೆ. ನಾಲ್ಕು ದಿನ ಬಿಟ್ಟು ಅವ್ವ ಫೋನ್ ಮಾಡಿದಳು. ಹಡಗಲಿಯಿಂದ ಬರುವಾಗ ಕಬ್ಬಿನ ಟ್ರ್ಯಾಕ್ಟರ್ ಒಂದನ್ನು ದಾಟಲು ಅಪ್ಪ ಎಕ್ಸಲರೇಟರ್ ಒತ್ತಿದ್ದಾನೆ. ಜೀಪು ಮುಂದೆ ಹೋಗುವುದರ ಜೊತೆಗೆ ಟ್ರಾಲಿಯ ಕಡೆಗೂ ವಾಲಿದೆ. ಎಡಗನ್ನಡಿ ಕಬ್ಬಿನ ಹೊರೆಗೆ ಸಿಕ್ಕು ಮುರಿದು ಬಿದ್ದಿದೆ. ಇನ್ನೊಂದು ಮೊಳ ಹೆಚ್ಚಾಗಿದ್ದರೆ ಮುರಿಯುತ್ತಿದ್ದದ್ದು ಕನ್ನಡಿ ಆಗಿರುತ್ತಿರಲಿಲ್ಲ.

ಅವತ್ತು ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ನಮ್ಮ ಗ್ಯಾರೇಜಿನ ಚಾಚಾಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಮಾತಾಡಿದ್ದು. ಹದಿನೈದು ದಿನದ ಹಿಂದಷ್ಟೇ ಆ ಜೀಪಿನ ಹಿಂದಿನ ಹೌಸಿಂಗ್ ಬಿಚ್ಚಿ, ನಾನು ಬೆಂಗಳೂರಿನಿಂದ ಕಳಿಸಿದ್ದ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಅನ್ನು ಅವರು ಕೂರಿಸಿದ್ದರು. "ಕೂರಿಸೋಕೆ ಬರದಿದ್ರೆ ಬರಲ್ಲ ಅನ್ನಬೇಕಿತ್ತು ಚಾಚಾ" ಅಂದುಬಿಟ್ಟೆ. ನಾನು ಲುಂಗಿ ಎತ್ತಿ ಕಟ್ಟುವ ವಯಸ್ಸಿಗೆ ಮುಂಚೆಯಿಂದಲೂ ನಮ್ಮ ಗಾಡಿ ನೋಡುತ್ತಿರುವ ಮನುಷ್ಯ. "ನೀನ ಬಂದು ನೋಡು" ಅಂದರು, ಅಷ್ಟೇ. ಶುಕ್ರವಾರ ರಾತ್ರಿ ಬಸ್ ಹತ್ತಿದೆ. ನಿದ್ದೆ ಬರಲಿಲ್ಲ. ಮೊಬೈಲ್ ಹಿಡಿದು, ಈ ಡಿಫರೆನ್ಷಿಯಲ್ ಅನ್ನೋದು ಎಲ್ಲಿಂದ ಬಂತು ಅಂತ ಓದುತ್ತಾ ಕೂತೆ. ಬಿಇ ನಾಲ್ಕು ವರ್ಷದಲ್ಲಿ ಓದದೇ ಇದ್ದದ್ದನ್ನು ಅವತ್ತು ರಾತ್ರಿ ಓದಿದೆ.

ಮೊದಲು ಸಮಸ್ಯೆ ಏನು ಅಂತ ನೋಡಿ. ನಮ್ಮ ಚಕ್ಕಡಿಗೆ ಡಿಫರೆನ್ಷಿಯಲ್ ಬೇಕಿಲ್ಲ. ಅಚ್ಚು ನಿಂತಿರುತ್ತದೆ, ಎರಡು ಗಾಲಿಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಮೈಲಾರದ ಜಾತ್ರೆಗೆ ಹೋದಾಗ ಚಕ್ಕಡಿಯನ್ನು ನಿಂತಲ್ಲೇ ತಿರುಗಿಸುವುದನ್ನು ನೀವೂ ನೋಡಿರುತ್ತೀರಿ. ಒಳಗಿನ ಗಾಲಿ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಹೊರಗಿನದು ಸುತ್ತು ಹೊಡೆಯುತ್ತದೆ. ಎಳೆಯುವುದು ಎತ್ತು, ಗಾಲಿ ಬರೀ ಉರುಳುತ್ತದೆ. ಆದ್ದರಿಂದ ಗಾಲಿಗಳ ನಡುವೆ ಜಗಳವೇ ಇಲ್ಲ. ಕೊಟ್ಟೂರಿನ ತೇರಿನದೂ ಇದೇ ಕಥೆ. ಹಗ್ಗ ಎಳೆಯುವವರು ಸಾವಿರಾರು ಜನ, ದಿಕ್ಕು ತೋರಿಸುವವರು ಮಾತ್ರ ಗಾಲಿಯ ಪಕ್ಕ ಸನ್ನೆ ಹಿಡಿದ ನಾಲ್ಕಾರು ಮಂದಿ. ತೇರು ಒಂದು ಕಡೆಗೆ ವಾಲಿತು ಅಂದರೆ ಆಯಾ ಗಾಲಿಗೆ ಮರದ ಸನ್ನೆ ಕೊಟ್ಟು ತಡೆಯುತ್ತಾರೆ, ತಡೆದ ಕಡೆಗೆ ತೇರು ತಿರುಗುತ್ತದೆ. ಇದು ಆಟದ ಕೆಲಸ ಅಲ್ಲ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಜಾತ್ರೆಯ ನಡುವೆಯೇ ಉರುಳಿಬಿದ್ದದ್ದು ನಮ್ಮ ಕಡೆಯವರಿಗೆ ಇನ್ನೂ ಮರೆತಿಲ್ಲ. ಒಂದು ಗಾಲಿಯನ್ನು ಸ್ವಲ್ಪ ತಡೆದರೆ ಇಡೀ ಗಾಡಿ ಆ ಕಡೆ ತಿರುಗುತ್ತದೆ ಅನ್ನುವುದನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಷ್ಟ ಶುರುವಾಗುವುದು ಎತ್ತನ್ನು ತೆಗೆದು ಗಾಲಿಗೇ ಬಲ ಕೊಟ್ಟಾಗ. ಎರಡು ಗಾಲಿಗೂ ಒಂದೇ ಅಚ್ಚಿನಿಂದ ಬಲ ಕೊಟ್ಟರೆ ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ಆದರೆ ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಹೋಗಲೇಬೇಕಲ್ಲ. ಎಷ್ಟು ಹೆಚ್ಚು? ನಮ್ಮ ಜೀಪಿನ ಎರಡು ಗಾಲಿಗಳ ನಡುವೆ ಸುಮಾರು 1.3 ಮೀಟರ್ ಇದೆ. ಒಂದು ಪೂರ್ತಿ ಸುತ್ತು ಹೊಡೆದರೆ ಹೊರಗಿನ ಗಾಲಿ ಒಳಗಿನದಕ್ಕಿಂತ 8 ಮೀಟರಿನಷ್ಟು ಹೆಚ್ಚು ಓಡುತ್ತದೆ. ಮಜಾ ಏನಂದ್ರೆ, ನೀವು ಮನೆ ಅಂಗಳದಲ್ಲಿ ಸುತ್ತು ಹೊಡೆದರೂ ಅಷ್ಟೇ, ಇಡೀ ತಾಲ್ಲೂಕಿಗೆ ಪ್ರದಕ್ಷಿಣೆ ಹಾಕಿದರೂ ಅಷ್ಟೇ. ಸುತ್ತು ದೊಡ್ಡದಾದಂತೆ ಆ 8 ಮೀಟರ್ ಬದಲಾಗುವುದಿಲ್ಲ. ನಂಬಿಕೆ ಬರದಿದ್ದರೆ ಪೆನ್ನು ಹಿಡಿದು ನೋಡಿ, ಹೈಸ್ಕೂಲಿನ ಗಣಿತ.

ರೈಲಿನವರು ಇದಕ್ಕೆ ಒಂದು ಜಾಣ ಉಪಾಯ ಮಾಡಿಕೊಂಡಿದ್ದಾರೆ. ನಮ್ಮ ಭಾಗಕ್ಕೆ ಗಾಲಿಯ ವಿಜ್ಞಾನ ಮೊದಲು ಬಂದದ್ದು ಕಾರಿನ ಮೂಲಕ ಅಲ್ಲ, ರೈಲಿನ ಮೂಲಕ. ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ಹಳಿ ಬಂದದ್ದು 1905ರಲ್ಲಿ. ರೈಲಿನಲ್ಲಿ ಎರಡು ಗಾಲಿಗಳೂ ಅಚ್ಚಿಗೆ ಗಟ್ಟಿಯಾಗಿ ಕೂತಿರುತ್ತವೆ, ಬೇರೆ ಬೇರೆ ತಿರುಗುವಂತೆಯೇ ಇಲ್ಲ. ಆದರೆ ಗಾಲಿಯ ಮೈ ನೇರ ಅಲ್ಲ, ಸ್ವಲ್ಪ ಓರೆ: ಒಳಗಡೆ ದಪ್ಪ, ಹೊರಗಡೆ ಸಣ್ಣ. ತಿರುವಿನಲ್ಲಿ ಇಡೀ ಅಚ್ಚು ಹೊರಗಡೆಗೆ ಸರಿಯುತ್ತದೆ. ಆಗ ಹೊರಗಿನ ಗಾಲಿ ತನ್ನ ದಪ್ಪ ಭಾಗದ ಮೇಲೂ, ಒಳಗಿನದು ಸಣ್ಣ ಭಾಗದ ಮೇಲೂ ಓಡುತ್ತವೆ. ಅಲ್ಲಿಗೆ ಲೆಕ್ಕ ಚುಕ್ತಾ. ಇದರ ಇನ್ನೊಂದು ಮುಖವೂ ಇದೆ. ಜೋಡಿಯಲ್ಲಿ ಒಂದು ಗಾಲಿ ಹೆಚ್ಚು ಸವೆದರೆ, ನೇರ ಹಳಿಯ ಮೇಲೂ ಅಚ್ಚು ಒಂದು ಪಕ್ಕಕ್ಕೇ ಒತ್ತಿಕೊಂಡು ಓಡುತ್ತದೆ. ಅದಕ್ಕೇ ರೈಲ್ವೆ ವರ್ಕ್‌ಶಾಪಿನಲ್ಲಿ ಎರಡೂ ಗಾಲಿಗಳನ್ನು ಲೇತಿಗೆ ಕೊಟ್ಟು ಒಂದೇ ಅಳತೆಗೆ ತರುತ್ತಾರೆ. ಬಸ್ಸಿನಲ್ಲಿ ಈ ಸಾಲನ್ನು ಓದಿ ಮುಂದೆ ಹೋದೆ. ಅಲ್ಲೇ ನಿಂತಿದ್ದರೆ ನನ್ನ ಉತ್ತರ ಅಲ್ಲೇ ಇತ್ತು.

ರಸ್ತೆಯ ಗಾಡಿಗೆ ಓರೆ ಗಾಲಿ ನಡೆಯುವುದಿಲ್ಲ. ಅಲ್ಲಿಗೆ ಬಂದದ್ದು ಡಿಫರೆನ್ಷಿಯಲ್. ಪ್ಯಾರಿಸ್ಸಿನಲ್ಲಿ ಒನೆಸಿಫೋರ್ ಪೆಕರ್ ಅನ್ನುವ ಗಡಿಯಾರದ ಕೆಲಸಗಾರ 1820ರ ದಶಕದ ಕೊನೆಗೇ ಉಗಿಗಾಡಿಗಾಗಿ ಅದರ ಪೇಟೆಂಟ್ ಪಡೆದಿದ್ದ. ಕಾಲ ಇನ್ನೂ ಬಂದಿರಲಿಲ್ಲ. ಅದು ಜನರ ಕೈಗೆ ಬಂದದ್ದು ಅರ್ಧ ಶತಮಾನದ ಮೇಲೆ, ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ, ಜೇಮ್ಸ್ ಸ್ಟಾರ್ಲಿಯ ಮೂಲಕ. ಈತ ಒಕ್ಕಲು ಮನೆಯ ಹುಡುಗ, 1830ರಲ್ಲಿ ಹುಟ್ಟಿದವನು. ಊರು ಬಿಟ್ಟು ಹೋಗಿ ತೋಟದ ಕೆಲಸ ಮಾಡಿ, ಅಲ್ಲಿ ಗಡಿಯಾರ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾ ಮೇಲೆ ಬಂದವನು. ಕಾವೆಂಟ್ರಿಗೆ ಬಂದದ್ದು ಹೊಲಿಗೆ ಯಂತ್ರದ ಕಂಪನಿ ಕಟ್ಟಲು, ಆಮೇಲೆ ಕೈ ಹಚ್ಚಿದ್ದು ಸೈಕಲ್ಲಿಗೆ.

1877ರಲ್ಲಿ ಆದದ್ದು ಅಂತ ಹೇಳುವ ಕಥೆ ಹೀಗಿದೆ. ಸ್ಟಾರ್ಲಿ ಅಕ್ಕಪಕ್ಕ ಇಬ್ಬರು ಕೂತು ತುಳಿಯುವ ನಾಲ್ಕು ಗಾಲಿಯ ಸೈಕಲ್ ಕಟ್ಟಿದ್ದ. ಒಬ್ಬೊಬ್ಬರ ಪೆಡಲ್ ಒಂದೊಂದು ಕಡೆಯ ಗಾಲಿಗೆ. ಒಂದು ಕಡೆ ತಾನು, ಇನ್ನೊಂದು ಕಡೆ ಪ್ರಾಯದ ಮಗ ವಿಲಿಯಂ. ಮಗನ ಕಾಲಲ್ಲಿ ಬಲ ಜಾಸ್ತಿ. ಏರಿನಲ್ಲಿ ಮಗ ಜೋರಾಗಿ ತುಳಿದ, ಅವನ ಕಡೆಯ ಗಾಲಿ ಮುಂದೆ ಹೋಯಿತು, ಗಾಡಿ ಅಪ್ಪನ ಕಡೆಗೆ ತಿರುಗಿತು. ಅಪ್ಪ ಹೋಗಿ ತುರಿಕೆ ಗಿಡದ ಪೊದೆಗೆ ಬಿದ್ದ. ಮೈ ತುರಿಸಿಕೊಳ್ಳುತ್ತಲೇ ಕೂತು ಯೋಚನೆ ಮಾಡಿದನಂತೆ: ಇಬ್ಬರ ಬಲವನ್ನೂ ಕೂಡಿಸಿ, ಎರಡು ಗಾಲಿಗೂ ಸಮನಾಗಿ ಹಂಚುವ ಹಲ್ಲುಚಕ್ರ ನಡುವೆ ಇದ್ದರೆ? ಡಿಫರೆನ್ಷಿಯಲ್ ಇರುವ ಅವನ ಸಾಲ್ವೋ ಟ್ರೈಸಿಕಲ್ ಎಷ್ಟು ಹೆಸರು ಮಾಡಿತೆಂದರೆ ವಿಕ್ಟೋರಿಯಾ ರಾಣಿಯೂ ತರಿಸಿಕೊಂಡಳು. ಸ್ಟಾರ್ಲಿ 1881ರಲ್ಲಿ ತೀರಿಕೊಂಡ. 1886ರಲ್ಲಿ ಕಾರ್ಲ್ ಬೆಂಜ್‌ನ ಮೊದಲ ಮೋಟಾರು ಗಾಡಿ ಹೊರಬಂದಾಗ ಅದರಲ್ಲೂ ಡಿಫರೆನ್ಷಿಯಲ್ ಇತ್ತು.

ನಾನು ಬಸ್ಸಿನಲ್ಲಿ ಎರಡು ಸಲ ಓದಿದ್ದು ಈ ಕಥೆಯನ್ನೇ. ಡಿಫರೆನ್ಷಿಯಲ್ ಜನಪ್ರಿಯ ಆದದ್ದೇ, ಗಾಡಿ ಒಂದು ಕಡೆಗೆ ಎಳೆಯುವ ರೋಗಕ್ಕೆ ಔಷಧಿಯಾಗಿ! ಆ ಔಷಧಿಯ ಗುಣ ಏನಂದರೆ ಅದು ತಕ್ಕಡಿ ಇದ್ದಂತೆ. ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲಿ ಪರವಾಗಿಲ್ಲ, ಬಲ ಮಾತ್ರ ಎರಡೂ ತಟ್ಟೆಗೆ ಸಮ. ಇದರ ದೋಷವೂ ಅದೇ. ಒಂದು ತಟ್ಟೆ ಭಾರ ಹಿಡಿಯಲಿಲ್ಲ ಅಂದರೆ ಇನ್ನೊಂದಕ್ಕೂ ಹಾಕುವಂತಿಲ್ಲ. ಎರೆ ಹೊಲದ ದಾರಿಯಲ್ಲಿ ಒಂದು ಮಳೆ ಬಿದ್ದ ಮೇಲೆ ನಮ್ಮ ಜೀಪಿಗೆ ಆಗುತ್ತಿದ್ದದ್ದು ಇದು. ಎಡಗಾಲಿ ಕೆಸರಿನಲ್ಲಿ ಗರಗರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಬಲಗಾಲಿ ಕಲ್ಲಿನ ರಥದ ಗಾಲಿಯ ಹಾಗೆ ನಿಂತಿರುತ್ತದೆ. ಮಸಾರಿ ಹೊಲದವರಿಗೆ ಈ ಕಷ್ಟ ಅರ್ಥವಾಗುವುದಿಲ್ಲ. ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡರೆ ಟೈರಿನ ಹಲ್ಲೇ ಕಾಣುವುದಿಲ್ಲ.

ಟ್ರ್ಯಾಕ್ಟರಿನವರು ಇದಕ್ಕೆ ಡಿಫರೆನ್ಷಿಯಲ್ ಲಾಕ್ ಕೊಟ್ಟರು. ಹಿಮ್ಮಡಿ ಹತ್ತಿರ ಒಂದು ಪೆಡಲ್, ಒತ್ತಿದರೆ ಎರಡೂ ಗಾಲಿ ಒಂದಾಗುತ್ತವೆ, ಕೆಸರಿನಿಂದ ಹೊರಬಂದ ಮೇಲೆ ಬಿಡಬೇಕು. ಲಾಕ್ ಒತ್ತಿಕೊಂಡೇ ಸ್ಟೇರಿಂಗ್ ತಿರುಗಿಸಿದರೆ ಟ್ರ್ಯಾಕ್ಟರ್ ನೇರ ಹೋಗಿ ಬದುವಿಗೆ ಹತ್ತುತ್ತದೆ. ಇದನ್ನು ಊರಿನ ಪ್ರತಿ ಡ್ರೈವರೂ ಒಂದು ಸಲ ಮಾಡಿಯೇ ಕಲಿತಿರುತ್ತಾನೆ. ಕಾರಿನವರಿಗೆ ಪೆಡಲ್ ಒತ್ತಿ ಬಿಡುವ ತಾಳ್ಮೆ ಇಲ್ಲ. 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಷೆ ವಿನ್ಯಾಸ ಮಾಡಿದ ಆಟೋ ಯೂನಿಯನ್ ರೇಸ್ ಕಾರಿಗೆ 16 ಸಿಲಿಂಡರಿನ ಎಂಜಿನ್, ಅದೂ ಡ್ರೈವರನ ಬೆನ್ನ ಹಿಂದೆ. ಗಂಟೆಗೆ 160 ಕಿಲೋಮೀಟರ್ ಮೀರಿದ ಮೇಲೂ ಒಂದು ಗಾಲಿ ಜಾರಿ ಸುಮ್ಮನೆ ತಿರುಗುತ್ತಿತ್ತು. ಅದಕ್ಕೆ 1935ರಲ್ಲಿ ಜರ್ಮನಿಯ ಜಡ್‌ಎಫ್ ಕಂಪನಿ ತಾನಾಗಿಯೇ ಬಿಗಿಯಾಗುವ ಡಿಫರೆನ್ಷಿಯಲ್ ಮಾಡಿಕೊಟ್ಟಿತು. ಜೆಪೆಲಿನ್ ವಾಯುನೌಕೆಗಳಿಗೆ ಹಲ್ಲುಚಕ್ರ ಮಾಡಲೆಂದೇ ಶುರುವಾಗಿದ್ದ ಕಂಪನಿ ಅದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಕ್ಯೂಬೆಲ್‌ವಾಗನ್ ಬರೀ ಹಿಂದಿನ ಎರಡು ಗಾಲಿಯ ಬಲದಲ್ಲೇ ಕೆಸರು ದಾಟಲು ಜಡ್‌ಎಫ್‌ನ ಇಂಥದೇ ಸಾಮಾನು ಕಾರಣ. ಅಮೆರಿಕದಲ್ಲಿ 1956ರಲ್ಲಿ ಪ್ಯಾಕಾರ್ಡ್ ಕಾರುಗಳಿಗೆ ಇದು ಬಂತು. ಈಗಿನ ಹೊಸ ಗಾಡಿಗಳಲ್ಲಿ ಹಲವು, ಜಾರುವ ಗಾಲಿಗೆ ಕಂಪ್ಯೂಟರ್ ಮೂಲಕ ಬ್ರೇಕ್ ಹಿಡಿದು ಇದೇ ಕೆಲಸ ಮಾಡಿಸುತ್ತವೆ. ಸನ್ನೆ ಹಾಕುವ ಕೆಲಸವನ್ನು ನಮ್ಮಂಥ ಸಾಫ್ಟ್‌ವೇರಿನವರು ಕಿತ್ತುಕೊಂಡಿದ್ದೇವೆ ಅನ್ನಿ.

ನಾನು ತರಿಸಿದ್ದು ಹಳೇ ಕಾಲದ್ದು, ಪ್ಲೇಟ್ ಇರುವಂಥದ್ದು. ಬೈಕಿನ ಕ್ಲಚ್ ಪ್ಲೇಟ್ ನೋಡಿದ್ದೀರಲ್ಲ, ಅದರ ಹಾಗೇ. ಎಂಜಿನ್ ಬಲ ಹೆಚ್ಚಿದಂತೆ ಪ್ಲೇಟುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆಗ ಜೋರಾಗಿ ತಿರುಗುವ ಗಾಲಿಯಿಂದ ಬಲ ಕಿತ್ತು ನಿಧಾನ ತಿರುಗುವ ಗಾಲಿಗೆ ಕೊಡುತ್ತದೆ. ಕೆಸರಿನಲ್ಲಿ ಇದು ವರ. ಇದರ ಅರ್ಥ ಏನು ಅಂದರೆ, ಸ್ಟಾರ್ಲಿ ಕೊಟ್ಟ ಸಮಪಾಲನ್ನು ಇದು ಸ್ವಲ್ಪ ವಾಪಸ್ ತೆಗೆದುಕೊಳ್ಳುತ್ತದೆ. ತುರಿಕೆ ಗಿಡದ ಪೊದೆ ಮತ್ತೆ ಒಂದಿಷ್ಟು ಹತ್ತಿರ ಬರುತ್ತದೆ.

ಬೆಳಿಗ್ಗೆ ಹಡಗಲಿ ಬಸ್ ಸ್ಟ್ಯಾಂಡಿನಿಂದ ಸೀದಾ ಗ್ಯಾರೇಜಿಗೆ ಹೋದೆ. ಚಾಚಾ ಮಾತಾಡಲಿಲ್ಲ, ಚಹಾ ಮಾತ್ರ ತರಿಸಿದರು. ಜೀಪಿನ ಹಿಂಭಾಗ ಜಾಕಿ ಮೇಲೆ ಎತ್ತಿ, ನ್ಯೂಟ್ರಲ್ಲಿಗೆ ಹಾಕಿ, "ತಿರುಗಸು" ಅಂದರು. ಒಂದು ಗಾಲಿ ತಿರುಗಿಸಿದೆ, ಇನ್ನೊಂದೂ ಅದೇ ದಿಕ್ಕಿಗೆ ತಿರುಗಿತು. ಮಾಮೂಲಿ ಡಿಫರೆನ್ಷಿಯಲ್ ಆಗಿದ್ದರೆ ಉಲ್ಟಾ ತಿರುಗಬೇಕಿತ್ತು. ಅಂದರೆ ಪ್ಲೇಟು ಸರಿಯಾಗಿಯೇ ಹಿಡಿಯುತ್ತಿತ್ತು. "ಎಡಕ್ಕ ಬ್ಯಾರೆ, ಬಲಕ್ಕ ಬ್ಯಾರೆ ಬಿಗೀತ ಇದರಾಗ ಇಲ್ಲ ತಮ್ಮಾ. ಎರಡರ ನಡುವೆ ಇರೋದು ಒಂದ ಬಿಗೀತ" ಅಂದರು. ನಾನು ಇಡೀ ರಾತ್ರಿ ಓದಿ ಅಲ್ಲಿಗೆ ಬಂದಿರಲಿಲ್ಲ. ಈ ಸಾಮಾನಿಗೆ ಎಡ ಬಲ ಗೊತ್ತೇ ಇಲ್ಲ. ಜೋರು ಯಾವುದು, ನಿಧಾನ ಯಾವುದು ಅಷ್ಟೇ ಗೊತ್ತು. ನೇರ ರಸ್ತೆಯಲ್ಲಿ ಯಾವಾಗಲೂ ಎಡಕ್ಕೇ ಎಳೆಯುತ್ತಿದೆ ಅಂದರೆ, ನೇರ ರಸ್ತೆಯಲ್ಲೂ ಎಡಗಾಲಿ ಯಾವಾಗಲೂ ಜೋರಾಗಿ ತಿರುಗುತ್ತಿದೆ ಅಂತ ಅರ್ಥ.

ಹಾಗಂತ ಒಂದೇ ಸಲ ಅಲ್ಲಿಗೆ ಹಾರಲಿಲ್ಲ. ಅಚ್ಚು ಬಿಚ್ಚಿದಾಗ ಬ್ರೇಕ್ ಡ್ರಮ್ಮೂ ಬಿಚ್ಚಬೇಕಾಗುತ್ತದೆ. ತಿರುಗಿ ಜೋಡಿಸುವಾಗ ಒಂದು ಕಡೆ ಬಿಗಿಯಾದರೆ ತೇರಿನ ಸನ್ನೆಯ ಕಥೆಯೇ. ಹಾಗಾಗಿ ಬ್ರೇಕ್ ಹೆಚ್ಚು ಮುಟ್ಟದೆ ಹತ್ತು ಕಿಲೋಮೀಟರ್ ಓಡಿಸಿ ಎರಡೂ ಡ್ರಮ್ ಮುಟ್ಟಿ ನೋಡಿದೆವು, ಬಿಸಿ ಒಂದೇ ಥರ ಇತ್ತು. ಇನ್ನೊಂದು ಅನುಮಾನ ಹಿಂದಿನ ಪಾಟಾದ ಯು-ಬೋಲ್ಟ್ ಮೇಲೆ. ಅದು ಸಡಿಲ ಇದ್ದರೆ ಹೌಸಿಂಗೇ ಹಿಂದೆ ಮುಂದೆ ಜರುಗುತ್ತದೆ. ಎಕ್ಸಲರೇಟರ್ ಒತ್ತಿದಾಗ ಒಂದು ಕಡೆ, ಬಿಟ್ಟಾಗ ಇನ್ನೊಂದು ಕಡೆ ಎಳೆಯುತ್ತದೆ. ನಮ್ಮದು ಒತ್ತಿದಾಗ ಎಡಕ್ಕೆ ಜೋರು, ಗೇರಿನಲ್ಲೇ ಬಿಟ್ಟಾಗಲೂ ಎಡಕ್ಕೇ, ನ್ಯೂಟ್ರಲ್ಲಿನಲ್ಲಿ ಮಾತ್ರ ಹೆಚ್ಚುಕಡಿಮೆ ನೇರ. ಬೋಲ್ಟ್ ಗಟ್ಟಿಯೇ ಇದ್ದವು. ಆಮೇಲೆ ಚಾಚಾ ಹಿಂದಿನ ಎರಡು ಗಾಲಿಗಳನ್ನು ಅದಲುಬದಲು ಮಾಡಿ ಕೀಲಿ ನನ್ನ ಕೈಗೆ ಕೊಟ್ಟರು. ಮಾಗಳದ ರಸ್ತೆಯಲ್ಲಿ ಸೆಕೆಂಡ್ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದೆ. ಜೀಪು ಬಲಕ್ಕೆ ಎಳೆಯಿತು.

ಡಿಫರೆನ್ಷಿಯಲ್ ಇದ್ದಲ್ಲೇ ಇದೆ, ಬ್ರೇಕ್ ಇದ್ದಲ್ಲೇ ಇದೆ, ಜಾಗ ಬದಲಾಯಿಸಿದ್ದು ಟೈರ್ ಮಾತ್ರ.

ಟೈರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗಾಳಿ ಸಮ ಮಾಡಿ, ಗ್ಯಾರೇಜಿನ ಮುಂದೆ ಜೀಪನ್ನು ತಳ್ಳಿಕೊಂಡು ಸರಿಯಾಗಿ ಹತ್ತು ಸುತ್ತು ಉರುಳಿಸಿ ಟೇಪ್ ಹಿಡಿದೆವು. ಒಂದು ಟೈರ್ 22 ಮೀಟರ್ 72 ಸೆಂಟಿಮೀಟರ್ ಹೋಯಿತು. ಮೊದಲು ಎಡಕ್ಕಿದ್ದ ಟೈರ್ ಹೋದದ್ದು 22 ಮೀಟರ್ 45. ಸುತ್ತಿಗೆ 2.7 ಸೆಂಟಿಮೀಟರ್ ವ್ಯತ್ಯಾಸ. ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಒಂದು ಕಿಲೋಮೀಟರಿಗೆ ಗಾಲಿ 440ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅಲ್ಲಿಗೆ ಸುಮಾರು 12 ಮೀಟರ್ ಆಯಿತು. ಪೂರ್ತಿ ಒಂದು ಸುತ್ತು ಹೊಡೆದರೆ ಬರುವುದು 8 ಮೀಟರ್ ಅಂತ ಆಗಲೇ ಹೇಳಿದೆನಲ್ಲ. ಅಂದರೆ ನಮ್ಮ ಜೀಪು ಸೂಲದ ಹಾಗೆ ನೇರ ಹೋಗುತ್ತಿದ್ದರೂ ಹೌಸಿಂಗಿನ ಒಳಗೆ ಕಿಲೋಮೀಟರಿಗೆ ಒಂದೂವರೆ ಸುತ್ತು ಗಿರಕಿ ಹೊಡೆಯುತ್ತಲೇ ಇತ್ತು. ಹಳೇ ಡಿಫರೆನ್ಷಿಯಲ್ ಇದನ್ನೆಲ್ಲ ಬಾಯಿ ಮುಚ್ಚಿಕೊಂಡು ಸಹಿಸುತ್ತಿತ್ತು. ಹೊಸದು ಸಹಿಸಲಿಲ್ಲ. ಸಣ್ಣ ಟೈರ್ ಬೇಗ ತಿರುಗುತ್ತದೆ, ಪ್ಲೇಟುಗಳು ಅದನ್ನು ತಡೆದು ದೊಡ್ಡ ಟೈರಿಗೆ ಬಲ ಕೊಡುತ್ತವೆ, ಬಲಗಡೆ ಮುಂದೆ ನೂಕುತ್ತದೆ, ಗಾಡಿ ಎಡಕ್ಕೆ ತಿರುಗುತ್ತದೆ. ಸ್ಟಾರ್ಲಿಯ ಮಗ ಬಲಗಡೆ ಕೂತು ತುಳಿದ ಹಾಗೆ.

ಬಲಗಡೆಯ ಟೈರ್ ಹೊಸದು. ಆರು ತಿಂಗಳ ಹಿಂದೆ ಕಲ್ಲಿಗೆ ಸಿಕ್ಕು ಒಂದು ಟೈರ್ ಹರಿದಾಗ ಅಪ್ಪ ಜೋಡಿ ಹಾಕಿಸೋಣ ಅಂದಿದ್ದ. "ಒಂದು ಹರದ್ರ ಎರಡು ಯಾಕ ಅಪ್ಪ, ಇನ್ನೊಂದು ಎರಡು ವರ್ಷ ಬರ್ತೈತಿ" ಅಂತ ಒಂದಕ್ಕೆ ಮಾತ್ರ ದುಡ್ಡು ಹಾಕಿದವನು ನಾನು. ಟೇಪ್ ಸುತ್ತುತ್ತಾ ಇದನ್ನು ಚಾಚಾಗೆ ಹೇಳಿದೆ. ಫೋನಿನಲ್ಲಿ ಅಂದದ್ದಕ್ಕೆ ತಪ್ಪಾಯ್ತು ಅಂತಲೂ ಹೇಳಿದೆ. ಅವರು ಗಾಲಿಯ ನಟ್ಟು ಬಿಗಿ ಮಾಡುತ್ತಲೇ, "ನಾನೂ ಕೂರಿಸೋ ಮೊದಲ ಟೈರ್ ಅಳೀಬೇಕಿತ್ತು. ಟ್ರ್ಯಾಕ್ಟರಿಗೆ ಅಳೀತಿದ್ದೆ, ಜೀಪಿಗೆ ಅಳೀಲಿಲ್ಲ" ಅಂದರು.

ಅವತ್ತೇ ಇನ್ನೊಂದು ಹೊಸ ಟೈರ್ ಹಾಕಿಸಿದೆವು. ಸಂಜೆ ಅಪ್ಪ ಓಡಿಸಿದ, ನಾನು ಪಕ್ಕದಲ್ಲಿ ಕೂತಿದ್ದೆ. "ಇನ್ನೂ ಒಂದೀಟು ಎಡಕ್ಕ ಹೋಗ್ತೈತಲ್ಲೋ" ಅಂದ. "ಅದು ರಸ್ತೆ ಇಳಿಜಾರು" ಅಂದೆ. "ಮೊದಲೂ ಹಂಗ ಅಂದಿದ್ದಿ" ಅಂದ. ಸರಿ, ಮರುದಿನ ಬೆಳಿಗ್ಗೆ ಐದೂವರೆಗೆ ಖಾಲಿ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಬಲಬದಿಯಲ್ಲಿ ಓಡಿಸಿ ನೋಡಿದೆವು. ಮಲ್ಲಿಗೆ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದ ಬೈಕಿನವನೊಬ್ಬ ಬೈದು ಹೋದ. ಜೀಪು ಬಲಬದಿಯಲ್ಲಿ ಒಂದೀಟು ಬಲಕ್ಕೆ ಹೋಯಿತು. ರಸ್ತೆಯ ನಡು ಉಬ್ಬು, ಎರಡೂ ಅಂಚು ಇಳಿಜಾರು. ಅಪ್ಪ ಒಪ್ಪಿದ.

ಹಳೇ ಟೈರು ಈಗ ಸ್ಟೆಪ್ನಿ. ಅದರ ಮೇಲೆ ಚಾಚಾ ಬಿಳಿ ಪೇಂಟಿನಲ್ಲಿ ದಪ್ಪಗೆ ಬರೆದಿದ್ದಾರೆ: "ಹಿಂದ ಹಾಕಬ್ಯಾಡ್ರಿ."